ಹಲಸೂರಿಗೆ ಅಜ್ಜಿಯ ಒಂಟಿ ಪಯಣ

ಬೆಂಗಳೂರನ್ನು ಕಟ್ಟಿದವರು ಯಾರು ಎಂದು ಯಾವ ಮಗುವನ್ನು ಕೇಳಿದರೂ ‘ಕೆಂಪೇಗೌಡರು, 1537’ ಎಂದು ಥಟ್ಟನೆ ಹೇಳುತ್ತದೆ. ಉತ್ತರ ಸರಿಯೇ. ಆದರೆ 1536ರಲ್ಲಿ ಇಲ್ಲಿ ಬರೀ ಕಾಡಿತ್ತೇ? ಬೇಗೂರು, ಹೆಬ್ಬಾಳ, ದೊಮ್ಮಲೂರು, ಹಲಸೂರಿನಂಥ ಊರುಗಳಲ್ಲಿ ಜನ ಅಷ್ಟರಲ್ಲಾಗಲೇ ಬೆಳೆ ಬೆಳೆದು, ಗುಡಿ ಕಟ್ಟಿ, ಯುದ್ಧ ಮಾಡಿ, ಕೆಲವನ್ನು ಕಲ್ಲಿನ ಮೇಲೆ ಬರೆಸಿಯೂ ಆಗಿತ್ತು.

ನನ್ನ ಮೊಮ್ಮಗ ಇದನ್ನು ನಂಬಲಿಲ್ಲ. ಏಳನೇ ಕ್ಲಾಸಿನ ಹುಡುಗ. ಸ್ಕೂಲಿನವರೆಲ್ಲ ಹಂಪಿಗೆ ಹೋದಾಗ ಇವನು ಜ್ವರ ಬಂದು ಮಲಗಿದ್ದ. ಆ ಸಿಟ್ಟಿನಲ್ಲಿ, “ನಮ್ಮೂರಲ್ಲಿ ಏನಿದೆ ಅಜ್ಜಿ? ಬರೀ ಫ್ಲೈಓವರು. ಕೆಂಪೇಗೌಡರಿಗಿಂತ ಹಳೇದು ಒಂದಾದ್ರೂ ಇದ್ರೆ ತೋರಿಸು, ಇಸವಿ ಸಮೇತ!” ಎಂದು ಸವಾಲು ಹಾಕಿದ. ನಾನು ಒಪ್ಪಿಕೊಂಡೆ.

“ಒಬ್ಬರೇ ಯಾಕೆ ಅತ್ತೆ? ಭಾನುವಾರ ಎಲ್ಲರೂ ಹೋಗೋಣ” ಎಂದಳು ಸೊಸೆ. ಎಲ್ಲರೂ ಹೋದರೆ ಏನಾಗುತ್ತದೆಂದು ನನಗೆ ಗೊತ್ತು. ಕೈ ಮುಗಿದು, ಪ್ರಸಾದ ತಿಂದು, ನಾಲ್ಕು ಫೋಟೊ ಹೊಡೆದು ಊಟಕ್ಕೆ ಹೋಟೆಲು ಹುಡುಕುತ್ತೇವೆ. ಒಂಟಿಯಾಗಿ ಹೋದರೆ ಒಂದೇ ಕಂಬದ ಮುಂದೆ ಅರ್ಧ ಗಂಟೆ ನಿಂತರೂ ‘ನಡೀರಿ’ ಅನ್ನುವವರಿಲ್ಲ. ನೀರಿನ ಬಾಟಲು, ಕನ್ನಡಕ, ಬಟ್ಟೆ ಚೀಲ ಹಿಡಿದು ಬುಧವಾರ ಬೆಳಗ್ಗೆ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದೆ.

ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ. ಐದನೆಯದೇ ಹಲಸೂರು. ಬೆಂಗಳೂರಿನ ಮೊಟ್ಟಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಓಡಿದ್ದು ಬೈಯಪ್ಪನಹಳ್ಳಿಯಿಂದ ಇದೇ ಹಾದಿಯಲ್ಲಿ ಎಂ.ಜಿ. ರಸ್ತೆಗೆ. ಕೆ.ಆರ್. ಪುರದವರಾದ ನಾವು ಆ ಕೊಂಡಿಗಾಗಿ 2023ರವರೆಗೆ ಕಾಯಬೇಕಾಯಿತು. ಈಗ ಬಸ್ಸಿನಲ್ಲಿ ಒಂದೂವರೆ ಗಂಟೆ ತಿನ್ನುತ್ತಿದ್ದ ದಾರಿ, ಒಂದು ಜಪ ಮುಗಿಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಹಲಸಿನ ಮರಗಳು ಹೆಚ್ಚಾಗಿದ್ದುದರಿಂದ ಹಲಸೂರು ಎಂದು ಹೆಸರು ಬಂತಂತೆ. ಬ್ರಿಟಿಷರ ಬಾಯಲ್ಲಿ ಅದು ‘ಅಲ್ಸೂರು’ ಆಯಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅವರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬಂದು ನೆಲೆಯೂರಿದ್ದು ಈ ಊರಿನ ಸುತ್ತಲೇ. ಕಂಟೋನ್ಮೆಂಟ್ ಎಂಬ ಉದ್ದ ಹೆಸರು ನಮ್ಮ ಹಿರಿಯರಿಗೆ ಬೇಕಿರಲಿಲ್ಲ. ‘ದಂಡು’ ಎಂದರೆ ಮುಗಿಯಿತು. ದಂಡಿಗೂ ಪೇಟೆಗೂ ಬೇರೆ ಬೇರೆ ಆಡಳಿತ. ಎರಡೂ ಒಂದಾದದ್ದು 1949ರಲ್ಲಿ. ಮಕ್ಕಳೇ, ಒಂದು ತಮಾಷೆ ಕೇಳಿ: ‘ಹಲಸೂರು ಗೇಟ್’ ಇರುವುದು ಹಲಸೂರಿನಲ್ಲಲ್ಲ! ಪೇಟೆಯ ಕೋಟೆಯಲ್ಲಿ ಹಲಸೂರಿನ ಕಡೆಗೆ ತೆರೆಯುತ್ತಿದ್ದ ಬಾಗಿಲು ಅದು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪೇಟೆಯೊಳಕ್ಕೆ ನುಗ್ಗಿದ್ದು ಆ ಬಾಗಿಲಿನಿಂದಲೇ.

ಸ್ಟೇಷನ್ನಿನಿಂದ ನಿಧಾನವಾಗಿ ನಡೆದೆ. ಪಾತ್ರೆ ಅಂಗಡಿ, ಹೂವಿನ ಬುಟ್ಟಿ, ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು. ಬೀದಿ ತಿರುಗಿದೊಡನೆ ಗೋಪುರ ಕಂಡಿತು, ಸೋಮೇಶ್ವರನ ಗುಡಿಯದು.

ಗೋಪುರವನ್ನು ದೂರದಿಂದಲೇ ಒಮ್ಮೆ ನೋಡಬೇಕು. ಕೆಳಗಿನ ಭಾಗ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ವಿಜಯನಗರ ಕಾಲದ ಗೋಪುರಗಳ ಪದ್ಧತಿಯೇ ಇದು. ಅಷ್ಟೆತ್ತರಕ್ಕೆ ಪೂರ್ತಿ ಕಲ್ಲನ್ನೇ ಏರಿಸಿದರೆ ತಳ ಭಾರ ತಡೆಯಬೇಡವೇ? ಬಾಗಿಲಿನ ಮುಂದೆ ಎತ್ತರದ ಕಂಬ. ಒಳಗೆ ವಿಶಾಲವಾದ ತೆರೆದ ಮಂಟಪ, ಸಾಲುಸಾಲು ಯಾಳಿ ಕಂಬಗಳು. ಯಾಳಿ ಎಂದರೆ ಸಿಂಹದ ಮೈಗೆ ಶಿಲ್ಪಿಯ ಕಲ್ಪನೆ ಬೆರೆತ ಪ್ರಾಣಿ. ಒಂದರ ಬಾಯಿ ಇನ್ನೊಂದರಂತಿಲ್ಲ. ಒಂದು ಯಾಳಿ ಆಕಳಿಸುತ್ತಿರುವಂತೆ ಕಂಡಿತು; ಐನೂರು ವರ್ಷ ನಿಂತರೆ ಆಕಳಿಕೆ ಬರದೆ ಇರುತ್ತದೆಯೇ?

ಹತ್ತು ತಲೆಯ ರಾವಣ ಕೈಲಾಸವನ್ನು ಎತ್ತುವ ಶಿಲ್ಪವನ್ನು ಮಾತ್ರ ಬಿಡದೆ ನೋಡಿ. ಅಮ್ಮನಿಗೆ ಆತ್ಮಲಿಂಗ ತರಲು ಹೊರಟ ರಾವಣನ ಕಥೆ ಅಜ್ಜಂದಿರಿಗೆಲ್ಲ ಗೊತ್ತು. ಇದು ಅವನ ಇನ್ನೊಂದು ಸಾಹಸ. ಬೆಟ್ಟವನ್ನೇ ಕಿತ್ತು ಹೊತ್ತೊಯ್ಯಲು ನೋಡಿದ. ಪಾರ್ವತಿ ಬೆದರಿದಳು. ಶಿವ ಏಳಲಿಲ್ಲ, ಆಯುಧ ಹಿಡಿಯಲಿಲ್ಲ, ಕಾಲಿನ ಹೆಬ್ಬೆರಳನ್ನು ಒತ್ತಿದ, ಅಷ್ಟೆ. ರಾವಣ ಅಡಿಯಲ್ಲಿ ಸಿಕ್ಕಿಬಿದ್ದು, ಹಾಡಿ ಹೊಗಳಿ ಬಿಡಿಸಿಕೊಳ್ಳಬೇಕಾಯಿತು.

ಗಿರಿಜಾ ಕಲ್ಯಾಣವಿದೆ, ಮಹಿಷನನ್ನು ಕೊಲ್ಲುವ ದುರ್ಗೆ ಇದ್ದಾಳೆ, ಸಪ್ತರ್ಷಿಗಳಿದ್ದಾರೆ. ಅರವತ್ತಮೂವರು ಪುರಾತನರ ಮೂರ್ತಿಗಳನ್ನು ಎಣಿಸಲು ಹೊರಟೆ. ಇಪ್ಪತ್ತೆಂಟರಲ್ಲೋ ಇಪ್ಪತ್ತೊಂಬತ್ತರಲ್ಲೋ ಒಬ್ಬರು, “ಏನಮ್ಮ ಎಣಿಸ್ತಾ ಇದೀರಾ?” ಎಂದು ಮಾತಿಗೆ ನಿಂತರು. ಲೆಕ್ಕ ಅಲ್ಲಿಗೆ ನಿಂತಿತು. ಈ ಅರವತ್ತಮೂವರಲ್ಲಿ ತನ್ನ ಕಣ್ಣನ್ನೇ ಕಿತ್ತು ಶಿವನಿಗಿಟ್ಟ ಬೇಡ ಕಣ್ಣಪ್ಪನೂ ಒಬ್ಬ. 1954ರಲ್ಲಿ ರಾಜ್‌ಕುಮಾರ್ ಮೊದಲ ಬಾರಿ ನಾಯಕರಾದದ್ದು ಆ ಕಣ್ಣಪ್ಪನ ಪಾತ್ರದಲ್ಲಿ. ಆ ಸಿನಿಮಾ ನೋಡಿದ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಎಲ್ಲಾ ಸರಿ, ನನ್ನ ಸವಾಲು? ಇಲ್ಲಿ ಒಂದು ತೊಡಕು ಬಂತು. ಗುಡಿ ಹುಟ್ಟಿದ ಬಗ್ಗೆ ಒಂದು ಐತಿಹ್ಯವಿದೆ. ಕೆಂಪೇಗೌಡರು ಬೇಟೆಗೆ ಬಂದು, ದಣಿದು ಮರದಡಿ ಮಲಗಿದಾಗ ಸೋಮೇಶ್ವರ ಕನಸಿನಲ್ಲಿ ಬಂದು, ಹೂತಿರುವ ನಿಧಿ ತೆಗೆದು ಗುಡಿ ಕಟ್ಟಿಸು ಎಂದನಂತೆ. ಅವರ ಪೂರ್ವಜ, ಯಲಹಂಕ ನಾಡಿನ ಜಯಪ್ಪಗೌಡರ ಹೆಸರಿನಲ್ಲೂ ಇಂಥದೇ ಕಥೆಯಿದೆ. ಗುಡಿಯ ಮೂಲ ಚೋಳರ ಕಾಲದ್ದು ಎನ್ನುವವರೂ ಇದ್ದಾರೆ. ಆದರೆ ಈಗ ಕಾಣುವ ತೆರೆದ ಮಂಟಪ, ಗೋಪುರ ಹದಿನಾರನೇ ಶತಮಾನದ ಶೈಲಿಯವು ಎನ್ನುತ್ತಾರೆ ವಿದ್ವಾಂಸರು. ಅಂದರೆ ಕೆಂಪೇಗೌಡರ ವಂಶದ ಕಾಲವೇ ಆಯಿತು! ಇಸವಿ ಕೇಳುವ ಹುಡುಗನ ಮುಂದೆ ‘ಅಂತೆ’ ನಡೆಯುವುದಿಲ್ಲ.

ಹೊರಗೆ ಬಂದು ಗುಡಿಯ ಕಲ್ಯಾಣಿಯ ಕಡೆಗೆ ಹೋದೆ. ಇದರ ಕಥೆ ಕೇಳಿದರೆ ಎದೆ ಭಾರವಾಗುತ್ತದೆ. ಹಲವು ವರ್ಷ ಇಲ್ಲೊಂದು ಕಲ್ಯಾಣಿ ಇದೆಯೆಂಬುದೇ ಕಣ್ಣಿಗೆ ಕಾಣುತ್ತಿರಲಿಲ್ಲ. ಮಣ್ಣು ತುಂಬಿ, ಮೇಲೆ ಮನೆಗಳೆದ್ದಿದ್ದವು. ಸುಮಾರು 2010ರಲ್ಲಿ ಅಗೆದಾಗ ಕಲ್ಲಿನ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಬಂದವು. ಸಾವಿರದ ಇನ್ನೂರು ವರ್ಷ ಹಳೆಯದು ಎನ್ನುವವರಿದ್ದಾರೆ. ಆ ಮೆಟ್ಟಿಲ ಮೇಲೆ ಒಲೆ ಹೂಡಿ ಸಂಸಾರ ಮಾಡಿದವರ ನೆನಪೂ ನನಗೆ ಬಂತು. ನಗರದಲ್ಲಿ ತಲೆಯ ಮೇಲೊಂದು ಸೂರು ಬೇಕಾದವರಿಗೆ ಕೆಳಗೆ ಏನಿದೆ ಎಂದು ನೋಡುವ ವ್ಯವಧಾನ ಎಲ್ಲಿರುತ್ತದೆ? ಕಲ್ಯಾಣಿ ಮುಚ್ಚುವಾಗ ಸುಮ್ಮನಿದ್ದ ಹೊಣೆಗಾರರನ್ನು ಕೇಳಬೇಕಾದ ಪ್ರಶ್ನೆ ಅದು.

ಮಧ್ಯಾಹ್ನ ಎರಡು ಇಡ್ಲಿ, ಒಂದು ಕಾಫಿ. ಹಲಸೂರು ಕೆರೆಯ ಬಳಿ ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲಿ ಒಂದಿದೆ. ಉಳಿದ ಮೂರು ಲಾಲ್‌ಬಾಗ್, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಕಡೆ. ಬಿಸಿಲು ನೋಡಿ ಅದನ್ನು ಬಿಟ್ಟೆ. ಹೇಗೂ ನನಗೆ ಬೇಕಿದ್ದುದು ಕೆಂಪೇಗೌಡರಿಗಿಂತ ಹಳೆಯದು. ಆಟೊ ಹಿಡಿದು ಇಂದಿರಾನಗರದ ಪಕ್ಕದ ದೊಮ್ಮಲೂರಿಗೆ ಹೋದೆ.

ಅಲ್ಲಿ ಚೊಕ್ಕನಾಥಸ್ವಾಮಿ ಗುಡಿಯಿದೆ. ಕಂಪ್ಯೂಟರ್ ಕಂಪನಿಗಳ ನಡುವೆ, ದಿಣ್ಣೆಯ ಮೇಲೆ ಚೋಳರ ಕಾಲದ ವಿಷ್ಣು. ‘ಚೊಕ್ಕ ಚಿನ್ನ’ ಎನ್ನುತ್ತೇವಲ್ಲ, ಆ ಚೊಕ್ಕವೇ ಈ ಹೆಸರಿನಲ್ಲೂ ಕುಳಿತಂತಿದೆ. ತಮಿಳಿನಲ್ಲಿ ಅದಕ್ಕೆ ಚೆಲುವ ಎಂಬ ಅರ್ಥ. ಇಲ್ಲಿ ಶಾಸನಗಳು ಸಮೃದ್ಧವಾಗಿವೆ. ಊರಿನ ಹೆಸರು ಅವುಗಳಲ್ಲಿ ‘ತೊಂಬಲೂರು’, ‘ದೇಶಿಮಾಣಿಕ್ಕಪಟ್ಟಣ’. ಒಂದು ಹೊಯ್ಸಳ ವೀರ ರಾಮನಾಥನದು, 1290ರ ಸುಮಾರಿನದು: ತೊಂಬಲೂರಿನ ಆದಾಯದಲ್ಲಿ ಹತ್ತು ಪೊನ್ನು ದೇವರಿಗೆ. ಪ್ರೌಢದೇವರಾಯನ ಕಾಲದಲ್ಲಿ ಸುತ್ತಲಿನ ಮನೆ, ಬಾವಿ, ಹೊಲಗಳೂ ದೇವರ ಲೆಕ್ಕಕ್ಕೆ ಸೇರಿದವು. ಇಂದಿನ ನಿವೇಶನದ ಬೆಲೆ ನೆನೆದರೆ ತಲೆ ತಿರುಗುತ್ತದೆ!

ನನ್ನ ಮನಸ್ಸು ನಿಂತದ್ದು 1270ರ ಶಾಸನದ ಮೇಲೆ. ಅಳಗಿಯಾರ್ ಎಂಬವರು ಬಾಗಿಲಿನ ಎರಡು ನಿಲುವುಗಳನ್ನು ಮಾಡಿಸಿಕೊಟ್ಟರು, ಅಷ್ಟೇ ಅದರ ಸುದ್ದಿ. ರಾಜನಲ್ಲ, ಊರು ಗೆದ್ದವರಲ್ಲ. 1537ರಲ್ಲಿ 1270 ಕಳೆದರೆ 267 ವರ್ಷ. ಸವಾಲಿಗೆ ಉತ್ತರ ಸಿಕ್ಕಿತು, ಇಸವಿ ಸಮೇತ. ಬೇಗೂರಿನ ಶಾಸನ ಇನ್ನೂ ಹಳೆಯದು, ಸುಮಾರು 890ರದು. ಅದರಲ್ಲಿ ‘ಬೆಂಗಳೂರು’ ಎಂಬ ಹೆಸರೇ ಇದೆ. ಅದಕ್ಕೆ ಇನ್ನೊಂದು ದಿನ ಬೇಕು.

ಇವೆಲ್ಲ ನಮಗೆ ತಿಳಿದದ್ದು ಬಿ.ಎಲ್. ರೈಸ್ ಅವರಂಥವರಿಂದ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಅವರು ಹಳ್ಳಿಹಳ್ಳಿ ಸುತ್ತಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಪ್ರಕಟಿಸಿದರು. ‘ಶಾಸನ ಪಿತಾಮಹ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಅವರು ಅಚ್ಚು ಹಾಕಿಸಿದ ಎಷ್ಟೋ ಕಲ್ಲುಗಳು ಇಂದು ನಮ್ಮೂರಲ್ಲಿಲ್ಲ. ರಸ್ತೆಗೆ, ಚರಂಡಿಗೆ, ಅಡಿಪಾಯಕ್ಕೆ ಹೋದವು. ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲು 2018ರಲ್ಲಿ ಮತ್ತೆ ಸಿಕ್ಕಿದ್ದೇ ದೊಡ್ಡ ಪುಣ್ಯ. ಆಸಕ್ತರು ಅದಕ್ಕೊಂದು ಮಂಟಪ ಕಟ್ಟಿಸಿದ್ದಾರೆ.

ಶಾಸನಗಳ ಲಿಪಿ ಹಳೆಯ ತಮಿಳು. ನನಗೆ ಒಂದಕ್ಷರ ಬರುವುದಿಲ್ಲ. ಪಕ್ಕದಲ್ಲಿ ಪ್ರದಕ್ಷಿಣೆ ಬರುತ್ತಿದ್ದ ಹೆಂಗಸೊಬ್ಬರನ್ನು, “ಅಮ್ಮಾ, ನಿಮಗೆ ತಮಿಳು ಓದೋಕೆ ಬರುತ್ತಾ?” ಎಂದು ಕೇಳಿದೆ. “ಬರುತ್ತೆ ಅಕ್ಕಾ, ಆದ್ರೆ ಇದು ನಮ್ಮ ಕಾಲದ್ದಲ್ಲ” ಎಂದು ನಕ್ಕರು. ಆದರೂ ಬಿಡಲಿಲ್ಲ. ಕನ್ನಡಕ ತಂದಿರಲಿಲ್ಲವಂತೆ, ನನ್ನದನ್ನೇ ಕೊಟ್ಟೆ. ಕಲ್ಲಿನ ಹತ್ತಿರ ಬಗ್ಗಿ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆಡಿಸುತ್ತ ಒಂದು ಅಕ್ಷರ ಹಿಡಿದರು. ಆಮೇಲೆ ಅದರ ಪಕ್ಕದ್ದು. ಮೂರನೆಯದಕ್ಕೆ ಬರುವಷ್ಟರಲ್ಲಿ ನಮ್ಮ ಹಿಂದೆ ಇನ್ನೂ ಇಬ್ಬರು ಬಂದು ನಿಂತಿದ್ದರು.