ಓಲೆಗರಿಯ ಮೇಲೆ ಬಣ್ಣದ ಚಿತ್ರ

ಅಕ್ಕಂದಿರೇ, ನಮ್ಮ ಹಿಂದವಾಡಿಯ ಜನ ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ಬಲ್ಲರು. ಅದನ್ನು ಕಟ್ಟಿದ್ದು 1204ರಲ್ಲಿ. ಅದಕ್ಕಿಂತಲೂ ಹಳೆಯ ಚಿತ್ರದ ಪುಸ್ತಕಗಳು ನಮ್ಮ ನಾಡಿನಲ್ಲಿವೆ ಗೊತ್ತೇನು?

ಅವು ಇರೋದು ದಕ್ಷಿಣ ಕನ್ನಡ ಜಿಲ್ಲೆಯ ಮೂಡಬಿದಿರೆಯಲ್ಲಿ. ಧವಳ, ಜಯಧವಳ, ಮಹಾಧವಳ ಎಂದು ಅವುಗಳ ಹೆಸರು. ಜೈನ ಧರ್ಮದ ಪುಸ್ತಕಗಳು. ಲಿಪಿ ಹಳೆಗನ್ನಡ. ವಯಸ್ಸು ಸುಮಾರು 900 ವರ್ಷ!

ಆಗ ನಮ್ಮಲ್ಲಿ ಪುಸ್ತಕ ಎಂದರೆ ತಾಳೆಗರಿ. ಗರಿಯನ್ನು ಕುದಿಸುತ್ತಿದ್ದರು. ನೆರಳಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡುತ್ತಿದ್ದರು. ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು, ದಾರ ಪೋಣಿಸುತ್ತಿದ್ದರು.

ಬರೆಯುವವರು ಅಕ್ಷರ ಬರೆದು, ಚಿತ್ರಕ್ಕೆ ಜಾಗ ಬಿಡುತ್ತಿದ್ದರು. ಆಮೇಲೆ ಚಿತ್ರಗಾರರ ಕೆಲಸ. ಗರಿಯ ಅಗಲ ಕೆಲವೇ ಬೆರಳು. ಅಷ್ಟರಲ್ಲೇ ಪಾರ್ಶ್ವನಾಥ, ಬಾಹುಬಲಿ, ಯಕ್ಷಿಯರು, ಕೈಮುಗಿದ ಭಕ್ತರು ಮೂಡಬೇಕು. ಮೊದಲು ಗೆರೆ, ಆಮೇಲೆ ಬಣ್ಣ. ಆ ಕಾಲದಲ್ಲಿ ಬಣ್ಣ ಅಂಗಡಿಯ ಡಬ್ಬಿಯಲ್ಲಿ ಸಿಗುತ್ತಿರಲಿಲ್ಲ. ಬಣ್ಣದ ಕಲ್ಲು, ಮಣ್ಣು ಅರೆದು, ಅಂಟು ಬೆರೆಸಿಕೊಳ್ಳಬೇಕಿತ್ತು. ದೀಪದ ಕಾಡಿಗೆಯಿಂದ ಕಪ್ಪು. ಕುಂಚ ಕೂದಲಿನದು. ಕೈ ಸ್ವಲ್ಪ ನಡುಗಿದರೂ ಗರಿ ಕೆಟ್ಟಿತು!

ಅದೇ ಕಾಲದಲ್ಲಿ ದೂರದ ಯುರೋಪಿನವರು ಕುರಿ, ಕರುಗಳ ಚರ್ಮ ಹದ ಮಾಡಿ ಬರೆಯುತ್ತಿದ್ದರು. ಚಿತ್ರಕ್ಕೆ ಬಂಗಾರದ ರೇಕು ಅಂಟಿಸುತ್ತಿದ್ದರು. ಅಲ್ಲೂ ಬರೆಯುವವರು ಜಾಗ ಬಿಡುತ್ತಿದ್ದರು, ಚಿತ್ರಗಾರರು ತುಂಬುತ್ತಿದ್ದರು.

ಇಷ್ಟೆಲ್ಲ ಖರ್ಚು ಯಾರು ಕೊಟ್ಟರು? ಹೆಣ್ಣುಮಕ್ಕಳೂ ಕೊಟ್ಟರು. ಧವಳ ಪುಸ್ತಕವನ್ನು ಬರೆಸಿ, ಶುಭಚಂದ್ರ ಎಂಬ ಮುನಿಗೆ ದಾನ ಕೊಟ್ಟವಳು ದೇಮಿಯಕ್ಕ. ಮಹಾಧವಳವನ್ನು ಬರೆಸಿದವಳು ಮಲ್ಲಿಕಬ್ಬೆ. ಪುಸ್ತಕದ ಕೊನೆಯಲ್ಲಿ ಅವರ ಹೆಸರಿದೆ. ಅದಕ್ಕೇ ಅವರು ಇಂದಿಗೂ ನಮಗೆ ಗೊತ್ತು.

ಗರಿಗೂ ಮುಪ್ಪು ಬರುತ್ತದೆ. ಹುಳ ತಿನ್ನುತ್ತದೆ. ಅಂಚು ಮುರಿಯುತ್ತದೆ. ಅದಕ್ಕೆ 1896ರಲ್ಲಿ ಈ ಪುಸ್ತಕಗಳ ನಕಲು ಶುರುವಾಯಿತು. ನಕಲು ಮಾಡಿದವರಲ್ಲಿ ಗಜಪತಿ ಉಪಾಧ್ಯಾಯರು ಒಬ್ಬರು. ಅವರ ಹೆಂಡತಿ ಲಕ್ಷ್ಮೀಬಾಯಿ ಓದು ಬರಹ ಬಲ್ಲವರು. ಗಂಡನ ಜೊತೆ ಕೂತು ಕನ್ನಡ ಲಿಪಿಯಲ್ಲಿ ನಕಲು ಇಳಿಸಿದರು. 1939ರಿಂದ ಧವಳ ಅಚ್ಚಾಗತೊಡಗಿತು. ಬಸದಿಯೊಳಗಿದ್ದ ಮಾತು ಊರೂರಿಗೆ ತಲುಪಿತು.

ನೋಡಿ, ದೇಮಿಯಕ್ಕ ಬರೆಸಿದಳು. ಲಕ್ಷ್ಮೀಬಾಯಿ ತಾವೇ ಬರೆದರು. ಅಕ್ಷರ ಈಗ ನಿಮ್ಮ ಕೈಗೂ ಬಂದಿದೆ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಓಲೆಗರಿ, ಕೈಬರಹದ ಪುಸ್ತಕ ಇದೆಯೇ? ಒದ್ದೆಯಾಗದಂತೆ ಬಟ್ಟೆಯಲ್ಲಿ ಸುತ್ತಿಡಿ. ತಿಳಿದವರಿಗೆ ತೋರಿಸಿ. ಓಲೆಯನ್ನು ಒಲೆಗೆ ಮಾತ್ರ ಹಾಕಬೇಡಿ!