ಮಳೆಯಿಲ್ಲದ ಕಾಲದಲ್ಲಿ ಬರುವ ನೆರೆ

ಹುಟ್ಟಿದ ನದಿಯೆಲ್ಲ ಕಡಲು ಸೇರಲೇಬೇಕು ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಕಡಲಿನ ಮುಖವನ್ನೇ ನೋಡದೆ, ಮರುಭೂಮಿಯ ಮರಳಿನಲ್ಲಿ ಬೆರಳು ಚಾಚಿ ಮಲಗಿಬಿಡುವ ನದಿಯೊಂದಿದೆ ಎಂದರೆ ನಂಬುತ್ತೀರಾ? ಅದೇ ದಕ್ಷಿಣ ಆಫ್ರಿಕದ ಕಡೆಯ ಬೋಟ್ಸ್‌ವಾನಾ ದೇಶದ ಒಕವಾಂಗೊ. ಕಾಡುಪ್ರಾಣಿಗಳನ್ನು ನೋಡಲು ದೇಶದೇಶಗಳಿಂದ ಜನ ಇಲ್ಲಿಗೆ ಬರುತ್ತಾರೆ. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸಾವಿರನೆಯ ತಾಣ ಇದು. ಬನ್ನಿ ಸೋದರಿಯರೇ, ಕೂತಲ್ಲಿಂದಲೇ ಒಂದು ಸುತ್ತು ಹಾಕಿ ಬರೋಣ.

ನೀರು ಬರುವ ಬಗೆ

ಈ ನದಿಯ ಹುಟ್ಟು ಅಂಗೋಲಾದ ಬೆಟ್ಟಸೀಮೆಯಲ್ಲಿ. ಅಲ್ಲಿ ಜನವರಿ, ಫೆಬ್ರವರಿಯಲ್ಲಿ ಬಿದ್ದ ಮಳೆ ನಮೀಬಿಯಾ ದಾಟಿ ಬೋಟ್ಸ್‌ವಾನಾದ ಜವುಗಿನ ಕೆಳಭಾಗ ತಲುಪುವಷ್ಟರಲ್ಲಿ ಜೂನ್, ಜುಲೈ ಬಂದಿರುತ್ತದೆ. ನೆಲ ಅಷ್ಟು ಸಪಾಟು, ನೀರಿನ ನಡಿಗೆ ಅಷ್ಟು ನಿಧಾನ! ಆಗ ಅಲ್ಲಿ ಚಳಿಗಾಲ, ಹನಿ ಮಳೆಯಿಲ್ಲ. ಸುತ್ತಲ ಕಲಹಾರಿ ಒಣಗಿ ನಿಂತಿರುವಾಗಲೇ ಇಲ್ಲಿ ನೀರು ಏರುತ್ತದೆ. ಆನೆ, ಕಾಡೆಮ್ಮೆ, ಜೀಬ್ರಾಗಳು ಸಾಲುಗಟ್ಟಿ ಬರುತ್ತವೆ. ಅವುಗಳ ಬೆನ್ನಿಗೇ ಸಿಂಹ, ಚಿರತೆ, ಕಾಡುನಾಯಿ. ಜವುಗಿನಲ್ಲೂ ಓಡಬಲ್ಲಂತೆ ಗೊರಸು ಉದ್ದವಾಗಿರುವ ಲೆಚ್ವೆ ಎಂಬ ಕೆಂಚು ಜಿಂಕೆಯನ್ನು ಇಲ್ಲಿ ಹಿಂಡುಹಿಂಡಾಗಿ ನೋಡಬಹುದು.

ಒಂದು ಸೋಜಿಗ ಕೇಳಿ. ಪಾತ್ರೆಯಲ್ಲಿ ನೀರು ಕಾಯಿಸಿ ಬತ್ತಿಸಿದರೆ ತಳದಲ್ಲಿ ಬಿಳಿಯ ಉಪ್ಪು ಕೂರುತ್ತದಲ್ಲವೇ? ಒಕವಾಂಗೊಗೆ ಬಂದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಆವಿಯಾಗಿಯೇ ಹೋಗುತ್ತದೆ. ಹಾಗಾದರೆ ಇದು ಎಂದೋ ಉಪ್ಪಿನ ಕೆರೆ ಆಗಬೇಕಿತ್ತು. ಆಗಿಲ್ಲ. ಕಾರಣ ಗೆದ್ದಲು! ಗೆದ್ದಲು ಕಟ್ಟಿದ ಹುತ್ತ ನೀರಿನಿಂದ ಮೇಲೆದ್ದು ಪುಟ್ಟ ದ್ವೀಪವಾಗುತ್ತದೆ, ಅದರ ಮೇಲೆ ಮರ ಬೆಳೆಯುತ್ತದೆ. ಮರದ ಬೇರು ನೀರನ್ನು ಹೀರಿಕೊಂಡಾಗ ಉಪ್ಪು ದ್ವೀಪದ ನಡುಮಣ್ಣಿನ ಅಡಿಯಲ್ಲೇ ಉಳಿಯುತ್ತದೆ. ಸುತ್ತಲ ನೀರು ಮಾತ್ರ ಸಿಹಿ.

ಅಲ್ಲಿಯ ಹೆಂಗಸರು

ಪ್ರಾಣಿಗಳ ಮಾತಾಯಿತು, ಇನ್ನು ನಮ್ಮವರ ಮಾತು. ಇಲ್ಲಿಯ ಬಟವಾನ ಜನರ ಅರಸ ಮೂರನೆಯ ಮೊರೆಮಿ ತೀರಿಕೊಂಡ ಮೇಲೆ, ಆತನ ಹೆಂಡತಿ ಎಲಿಜಬೆತ್ ಪುಲಾನೆ ಮೊರೆಮಿ 1964ರವರೆಗೆ ಆಡಳಿತ ನಡೆಸಿದಳು. ಬೇಟೆಗಾರರ ಹಾವಳಿಯಿಂದ ಪ್ರಾಣಿಗಳು ಕಡಿಮೆಯಾಗುತ್ತಿದ್ದ ಕಾಲ ಅದು. 1963ರಲ್ಲಿ ಆಕೆಯ ಮುಂದಾಳುತನದಲ್ಲಿ ಜನರೇ ತಮ್ಮ ನೆಲವನ್ನು ವನ್ಯಧಾಮಕ್ಕೆ ಬಿಟ್ಟುಕೊಟ್ಟರು. ಅದೇ ಇಂದಿನ ಮೊರೆಮಿ ಅಭಯಾರಣ್ಯ. ಆದರೆ ಒಳ್ಳೆಯ ಕೆಲಸಕ್ಕೂ ಬೆಲೆ ತೆರುವವರು ಇರುತ್ತಾರೆ ನೋಡಿ. ಒಳಗೆ ಬೇಟೆ, ಗೆಡ್ಡೆಗೆಣಸುಗಳಿಂದ ಬದುಕುತ್ತಿದ್ದ ಬುಷ್‌ಮನ್ ಕುಟುಂಬಗಳು ತಮ್ಮ ಜಾಗ ಬಿಟ್ಟು ಹೊರಗೆ ಬರಬೇಕಾಯಿತು.

ತಾವರೆಜಾತಿಯ ನೈದಿಲೆಯ ಗೆಡ್ಡೆಯನ್ನು ನೀರಿಗಿಳಿದು ಕಿತ್ತು ತಂದು, ಮಾಂಸದ ಜೊತೆ ಬೇಯಿಸಿ ‘ಟ್ಸ್ವೀ’ ಎಂಬ ಅಡಿಗೆ ಮಾಡುತ್ತಾರೆ. ಜೋಳದ ಹಿಟ್ಟಿನ ‘ಬೊಗೊಬೆ’ ಗಂಜಿ ದಿನನಿತ್ಯದ ಊಟ. 1960ರ ದಶಕದ ಕೊನೆಯಲ್ಲಿ ಅಂಗೋಲಾದ ಯುದ್ಧಕ್ಕೆ ಬೆದರಿ ಬಂದ ಹಂಬುಕುಷು ಜನ ಎಟ್ಶಾ ಎಂಬಲ್ಲಿ ನೆಲೆ ನಿಂತರು. ಅವರ ಹೆಂಗಸರು ಮೊಕೊಲಾ ತಾಳೆಯ ಗರಿ ಸೀಳಿ, ಬೇರು ತೊಗಟೆಗಳ ಬಣ್ಣದಲ್ಲಿ ಅದ್ದಿ ಹೆಣೆಯುವ ಬುಟ್ಟಿಗಳು ಇಂದು ಹೊರದೇಶಗಳಿಗೂ ಹೋಗುತ್ತವೆ. ಧಾನ್ಯ ತುಂಬಲು ಹೆಣೆದದ್ದೇ ಮಕ್ಕಳ ಶಾಲೆಯ ಖರ್ಚಿಗೂ ಆಯಿತು ಅನ್ನಿ!

ಹೋಗುವ ಯೋಗ ಬಂದರೆ

ಮಗ ಸೊಸೆಯೋ, ಮಗಳು ಅಳಿಯನೋ ಆಫ್ರಿಕದಲ್ಲಿದ್ದು ನಿಮ್ಮನ್ನು ಕರೆದರೆ ಇವು ನೆನಪಿರಲಿ:

ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಮೌನ್ ಎಂಬ ಪಟ್ಟಣವೇ ಹೆಬ್ಬಾಗಿಲು.

ಜುಲೈಯ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಕೊರೆಯುವ ಚಳಿ. ಸ್ವೆಟರು, ಕಿವಿಗೆ ಮಫ್ಲರು ಬೇಕೇ ಬೇಕು. ಢಾಳಾದ ಬಣ್ಣದ ಬಟ್ಟೆ ಬೇಡ.

ಮಲೇರಿಯಾ ಮಾತ್ರೆಯ ವಿಷಯ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

‘ಮೊಕೊರೊ’ ಎಂಬ ಕಿರಿದಾದ ದೋಣಿಯಲ್ಲಿ ಅಂಬಿಗ ನಿಂತು ಗಳು ಹಾಕುತ್ತಾನೆ. ಹಿಂದೆ ಮರ ಕೊರೆದು ಮಾಡುತ್ತಿದ್ದರು, ಈಗ ಬಹುಪಾಲು ಫೈಬರ್‌ಗ್ಲಾಸಿನದು. ಅಲುಗಾಡಬೇಡಿ, ನೀರಿಗೆ ಕೈ ಇಳಿಬಿಡಬೇಡಿ. ಮೊಸಳೆ, ನೀರಾನೆಗಳ ವಿಷಯದಲ್ಲಿ ಅವನ ಮಾತೇ ಕೊನೆ.

ಶಾಕಾಹಾರಿಗಳಾದರೆ ವಸತಿಗೆ ಮುಂಚೆಯೇ ತಿಳಿಸಿ.

ಖರ್ಚು ಹೆಚ್ಚು. ಕಡಿಮೆ ಜನ ಬರಲಿ, ಕಾಡು ಉಳಿಯಲಿ ಎಂಬುದು ಅಲ್ಲಿಯ ಸರ್ಕಾರದ ನೀತಿ. ಊರವರ ಸಂಘಗಳ ದೋಣಿ ಹಿಡಿದರೆ ಸ್ವಲ್ಪ ಅಗ್ಗ, ದುಡ್ಡೂ ಅವರ ಮನೆಗೇ ಸೇರುತ್ತದೆ.

ಮೂರು ಮನೆಗೆ ಒಂದೇ ನಲ್ಲಿ

ವಠಾರದಲ್ಲಿ ಮೂರು ಮನೆಗೆ ಒಂದೇ ನಲ್ಲಿ ಇದ್ದರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೇಲಿನ ಅಂಗೋಲಾ, ನಮೀಬಿಯಾಗಳಿಗೂ ಹೊಲಕ್ಕೆ, ಕುಡಿಯಲು ನೀರು ಬೇಕು. ತಪ್ಪೆನ್ನಲಾದೀತೇ? 1994ರಲ್ಲಿ ಮೂರೂ ದೇಶಗಳು ಸೇರಿ ಆಯೋಗವೊಂದನ್ನು ಮಾಡಿಕೊಂಡವು. 2019ರಲ್ಲಿ ಮಳೆ ಕೈಕೊಟ್ಟಾಗ ಕೆಳಗಿನ ನ್ಗಾಮಿ ಸರೋವರ ಒಣಗಿ, ಕೆಸರಿನಲ್ಲಿ ಸಿಕ್ಕ ದನಗಳೂ ನೀರಾನೆಗಳೂ ಸತ್ತವು. ಮೇಲಿನವರು ಕೊಡ ತುಂಬಿಕೊಳ್ಳುವಾಗ ಕೆಳಗಿನವರ ನೆನಪಿಟ್ಟುಕೊಂಡರೆ ಮಾತ್ರ ಈ ಜವುಗಿಗೆ ಉಳಿವು.

ಬೋಟ್ಸ್‌ವಾನಾದ ನಾಣ್ಯದ ಹೆಸರು ‘ಪುಲಾ’. ಅವರ ನುಡಿಯಲ್ಲಿ ಪುಲಾ ಎಂದರೆ ಮಳೆ. ಸಭೆ ಸಮಾರಂಭಗಳಲ್ಲಿ ಹಾರೈಸುವಾಗ ಕೂಗುವುದೂ ‘ಪುಲಾ!’ ಎಂದೇ. ನೀರಿನ ಬೆಲೆ ತಿಳಿದವರಿಗೆ ಅದಕ್ಕಿಂತ ದೊಡ್ಡ ಹಾರೈಕೆ ಇನ್ನೇನಿದ್ದೀತು?