ರಕ್ತಕಣಕ್ಕೆ ಬಣ್ಣದ ಬಿಲ್ಲೆ

ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಂಪು ರಕ್ತಕಣಗಳ ಗುಂಪಿನ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ರಕ್ತಕಣ ಕಾಣುತ್ತದೆ. ಅವುಗಳಲ್ಲಿ ದುಂಡನೆಯ ದೊಡ್ಡ ಕೋಶಕೇಂದ್ರ ಇರುವುದೇ ಲಿಂಫೋಸೈಟ್. ಆದರೆ ಅದು ಯಾವ ಬಗೆಯ ಲಿಂಫೋಸೈಟ್? ಪ್ರತಿಕಾಯಗಳನ್ನು ತಯಾರಿಸುವ ‘ಬಿ’ ಕಣವೇ? ಸೋಂಕು ತಗುಲಿದ ಜೀವಕೋಶವನ್ನು ಕೊಲ್ಲುವ ‘ಟಿ’ ಕಣವೇ? ಅಥವಾ ಇವೆರಡಕ್ಕೂ ಸೂಚನೆ ನೀಡುವ ಸಹಾಯಕ ‘ಟಿ’ ಕಣವೇ? ಎಷ್ಟು ಹೊತ್ತು ಕಣ್ಣಿಟ್ಟು ನೋಡಿದರೂ ತಿಳಿಯದು. ಮೂರೂ ನೋಟಕ್ಕೆ ಒಂದೇ.

ಈ ವ್ಯತ್ಯಾಸ ತಿಳಿಯುವುದು ಬರೀ ಪಾಂಡಿತ್ಯದ ಮಾತಲ್ಲ. ಏಡ್ಸ್ ತರುವ ಎಚ್.ಐ.ವಿ. ಮುಖ್ಯವಾಗಿ ದಾಳಿ ಮಾಡುವುದು ಸಹಾಯಕ ‘ಟಿ’ ಕಣಗಳ ಮೇಲೆ. ಮಗುವೊಂದಕ್ಕೆ ರಕ್ತದ ಕ್ಯಾನ್ಸರ್ ಬಂದಾಗ, ಅದು ‘ಬಿ’ ಕಣಗಳದ್ದೋ ‘ಟಿ’ ಕಣಗಳದ್ದೋ ಎಂದು ತಿಳಿದ ಮೇಲೆಯೇ ವೈದ್ಯರು ಚಿಕಿತ್ಸೆಯ ಹಾದಿಯನ್ನು ನಿರ್ಧರಿಸುತ್ತಾರೆ. ಹಾಗಾದರೆ ಗುರುತಿಸುವುದು ಹೇಗೆ?

ಶಾಲೆಯ ಮೈದಾನವನ್ನು ನೆನೆಯಿರಿ. ಎಲ್ಲ ಮಕ್ಕಳದೂ ಒಂದೇ ಸಮವಸ್ತ್ರ. ದೂರದಿಂದ ನೋಡಿದರೆ ಯಾರು ಯಾವ ತಂಡದವರೆಂದು ಗೊತ್ತಾಗುವುದಿಲ್ಲ. ಎದೆಯ ಮೇಲಿನ ಬಿಲ್ಲೆಯ ಬಣ್ಣ ನೋಡಿದರೆ ಥಟ್ಟನೆ ಹೇಳಬಹುದು. ಬಿಳಿ ರಕ್ತಕಣಗಳ ಹೊರಮೈಯಲ್ಲಿಯೂ ಬಗೆಬಗೆಯ ಪ್ರೋಟೀನುಗಳಿವೆ. ವಿಜ್ಞಾನಿಗಳು ಇವಕ್ಕೆ ‘ಸಿಡಿ’ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ‘ಟಿ’ ಕಣಗಳ ಮೇಲೆ ಸಿಡಿ3 ಇರುತ್ತದೆ. ಅವುಗಳಲ್ಲಿ ಸಹಾಯಕ ಕಣಗಳಿಗೆ ಸಿಡಿ4, ಕೊಲ್ಲುವ ಕಣಗಳಿಗೆ ಸಿಡಿ8. ‘ಬಿ’ ಕಣಗಳಿಗೆ ಸಿಡಿ19. ಬಿಲ್ಲೆಗಳೇನೋ ಇವೆ, ಆದರೆ ಅವು ಕಣ್ಣಿಗೆ ಕಾಣುವುದಿಲ್ಲ. ಅವಕ್ಕೆ ಬಣ್ಣ ಹಚ್ಚಬೇಕು.

ಬಣ್ಣ ಹಚ್ಚುವ ಕೈ

ಬಣ್ಣ ಹಚ್ಚುವ ಕೆಲಸಕ್ಕೆ ಒದಗಿದ್ದು ಪ್ರತಿಕಾಯ. ಬೀಗಕ್ಕೆ ಅದರದೇ ಕೀಲಿಕೈ ಹೊಂದುವಂತೆ, ಒಂದು ಪ್ರತಿಕಾಯ ತನಗೆ ತಕ್ಕ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುತ್ತದೆ. ಹೀಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವೊಂದನ್ನು ಮೊದಲೇ ಕಟ್ಟಿಬಿಟ್ಟರೆ? 1940ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಇದನ್ನೇ ಮಾಡಿ ತೋರಿಸಿದರು. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. 1984ರ ನೊಬೆಲ್ ಬಹುಮಾನದಲ್ಲಿ ಇವರಿಗೆ ಪಾಲು ದೊರೆಯಿತು. ಅಲ್ಲಿಂದಾಚೆಗೆ ಒಂದೊಂದು ಬಿಲ್ಲೆಗೂ ಒಂದೊಂದು ಖಚಿತವಾದ ಪ್ರತಿಕಾಯ ಸಿಗುವಂತಾಯಿತು.

ಬಳಸುವ ಬಣ್ಣವೂ ಸಾಮಾನ್ಯ ಬಣ್ಣವಲ್ಲ. ಪುಸ್ತಕದ ಸಾಲುಗಳ ಮೇಲೆ ಗುರುತು ಹಾಕುವ ಹೈಲೈಟರ್ ಪೆನ್ನಿನ ಮಸಿ ಹೊಳೆಯುವುದನ್ನು ನೋಡಿದ್ದೀರಲ್ಲ? ಅದು ಪ್ರತಿದೀಪ್ತಿ. ಇಂಥ ವಸ್ತುವಿನ ಅಣು ಬೆಳಕನ್ನು ಹೀರಿ, ಅದರ ಶಕ್ತಿಯಲ್ಲಿ ಸ್ವಲ್ಪವನ್ನು ಶಾಖವಾಗಿ ಕಳೆದುಕೊಂಡು, ಉಳಿದದ್ದನ್ನು ಮತ್ತೆ ಬೆಳಕಾಗಿ ಬಿಡುತ್ತದೆ. ಶಕ್ತಿ ಕಡಿಮೆಯಾದ್ದರಿಂದ ತರಂಗಾಂತರ ಹೆಚ್ಚುತ್ತದೆ, ಬಣ್ಣ ಬದಲಾಗುತ್ತದೆ. 488 ನ್ಯಾನೊಮೀಟರಿನ ನೀಲಿ ಲೇಸರ್ ಬೆಳಕು ಬಿದ್ದರೆ ಫ್ಲೋರೆಸೀನ್ ಸುಮಾರು 520 ನ್ಯಾನೊಮೀಟರಿನ ಹಸಿರು ಬೆಳಕನ್ನು ಕೊಡುತ್ತದೆ. ಕೆಂಪು ಪಾಚಿಯಿಂದ ದೊರೆಯುವ ಫೈಕೊಎರಿಥ್ರಿನ್ ಕಿತ್ತಳೆ ಬೆಳಕನ್ನು ಕೊಡುತ್ತದೆ.

ಸಾಲಾಗಿ ಬನ್ನಿ!

ಇನ್ನು ಎಣಿಕೆ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಲೆನಾರ್ಡ್ ಹರ್ಜೆನ್‌ಬರ್ಗ್ ಹೊಳೆಯುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಎಣಿಸಿ ಕಣ್ಣು ಸೋತು, ಈ ಕೆಲಸಕ್ಕೊಂದು ಯಂತ್ರ ಬೇಕೆಂದು ಹೊರಟವರು. ಹೊಳಪು ನೋಡಿ ಜೀವಕೋಶಗಳನ್ನು ಬೇರ್ಪಡಿಸುವ ಯಂತ್ರವನ್ನು ಅವರ ತಂಡ 1969ರಲ್ಲಿ ವರದಿ ಮಾಡಿತು. 1972ರಲ್ಲಿ ಲೇಸರ್ ಅಳವಡಿಸಿದ ಯಂತ್ರ ಬಂತು.

ಇಂದಿನ ಫ್ಲೋ ಸೈಟೋಮೀಟರಿನಲ್ಲಿ ನಡೆಯುವುದಿಷ್ಟು. ರಕ್ತಕ್ಕೆ ಬಣ್ಣ ಕಟ್ಟಿದ ಪ್ರತಿಕಾಯ ಬೆರೆಸಿ ಕೆಲವು ನಿಮಿಷ ಕತ್ತಲಲ್ಲಿಡುತ್ತಾರೆ. ಕೆಂಪು ಕಣಗಳನ್ನು ಒಡೆದು ಕರಗಿಸುತ್ತಾರೆ. ಉಳಿದ ಕಣಗಳು ಸುತ್ತಲೂ ರಭಸದಿಂದ ಹರಿಯುವ ದ್ರವದ ನಡುವೆ ಒತ್ತಲ್ಪಟ್ಟು, ದೇವಸ್ಥಾನದ ಸರದಿಯಲ್ಲಿ ನಿಂತವರಂತೆ ಒಂದರ ಹಿಂದೊಂದು ಲೇಸರ್ ಮುಂದೆ ಹಾದುಹೋಗುತ್ತವೆ. ಮುಂದಕ್ಕೆ ಚದುರಿದ ಬೆಳಕು ಕಣದ ಗಾತ್ರವನ್ನು ಸೂಚಿಸಿದರೆ, ಪಕ್ಕಕ್ಕೆ ಚದುರಿದ ಬೆಳಕು ಅದರೊಳಗಿನ ಹರಳುಗಳನ್ನು ಸೂಚಿಸುತ್ತದೆ. ಹೊಮ್ಮಿದ ಬಣ್ಣವೇ ಬಿಲ್ಲೆಯ ಸಾಕ್ಷಿ. ಒಂದೇ ಸೆಕೆಂಡಿನಲ್ಲಿ ಸಾವಿರಾರು ಕಣಗಳ ತಪಾಸಣೆ ಮುಗಿಯುತ್ತದೆ.

ಲೆಕ್ಕವನ್ನು ನೀವೇ ಮಾಡಬಹುದು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 2,000 ಲಿಂಫೋಸೈಟ್‌ಗಳಿದ್ದು, ಅವುಗಳಲ್ಲಿ ಶೇ 40 ಸಹಾಯಕ ‘ಟಿ’ ಕಣಗಳು ಎಂದು ಯಂತ್ರ ತೋರಿಸಿದರೆ, ಸಿಡಿ4 ಎಣಿಕೆ 800. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 500ರಿಂದ 1,500.

ಈ ಸಂಖ್ಯೆಯ ಬೆಲೆ 1981ರಲ್ಲಿ ಜಗತ್ತಿಗೆ ಅರಿವಾಯಿತು. ಲಾಸ್ ಏಂಜಲೀಸಿನ ವೈದ್ಯ ಮೈಕೆಲ್ ಗಾಟ್ಲೀಬ್ ಮತ್ತು ಸಂಗಡಿಗರು ವಿಚಿತ್ರ ಸೋಂಕಿನಿಂದ ನರಳುತ್ತಿದ್ದ ಯುವಕರ ರಕ್ತವನ್ನು ಈ ಹೊಸ ಪ್ರತಿಕಾಯಗಳಿಂದ ಪರೀಕ್ಷಿಸಿದಾಗ, ಸಹಾಯಕ ‘ಟಿ’ ಕಣಗಳು ಬಹುಮಟ್ಟಿಗೆ ಮಾಯವಾಗಿದ್ದವು. ಕಾರಣವಾದ ವೈರಸ್ ಪತ್ತೆಯಾದದ್ದು 1983ರಲ್ಲಿ. ಕಳ್ಳ ಸಿಗುವ ಮೊದಲೇ ಕಳುವಾದದ್ದೇನೆಂದು ತಿಳಿದಿತ್ತು! ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್.ಐ.ವಿ. ಸೋಂಕಿಗೆ ಉಚಿತ ಔಷಧಿ ಕೊಡಲು ಆರಂಭಿಸಿದಾಗ, ಯಾರಿಗೆ ಮೊದಲು ಎಂಬುದಕ್ಕೆ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿರುವುದು ಒಂದು ಮುಖ್ಯ ಅಳತೆಗೋಲಾಗಿತ್ತು. ಒಬ್ಬ ತಾಯಿಗೆ, ಒಬ್ಬ ದುಡಿಯುವ ಮಗನಿಗೆ ಮದ್ದು ಈಗಲೋ ಆಮೇಲೋ ಎಂಬುದು ಈ ಬಣ್ಣದ ಎಣಿಕೆಯನ್ನು ಅವಲಂಬಿಸಿತ್ತು. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದಿದೆ. ಅಪಾಯ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಎಣಿಕೆ ಈಗಲೂ ಬೇಕು.

ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ ಎಂಬುದನ್ನೂ ಮರೆಯಬಾರದು. ಸತ್ತ ಕಣಗಳಿಗೆ ಸಂಬಂಧವಿಲ್ಲದ ಪ್ರತಿಕಾಯವೂ ಅಂಟೀತು. ಹಸಿರು ಬೆಳಕಿನ ಒಂದು ಪಾಲು ಕಿತ್ತಳೆಯ ಲೆಕ್ಕಕ್ಕೆ ಸೇರೀತು. ಆದ್ದರಿಂದ ಬಣ್ಣ ಹಾಕದ ಮಾದರಿಯನ್ನೂ, ಒಂದೇ ಬಣ್ಣ ಹಾಕಿದ ಮಾದರಿಗಳನ್ನೂ ಜೊತೆಗೆ ಓಡಿಸಿ, ಸೋರಿಬಂದ ಬೆಳಕನ್ನು ಲೆಕ್ಕದಿಂದ ಕಳೆಯುತ್ತಾರೆ. ಹೋಲಿಸಿ ನೋಡದೆ ಯಾವ ಪ್ರಯೋಗವೂ ಪ್ರಯೋಗವಲ್ಲ.

ಪೋಷಕರಿಗೆ ಒಂದು ಮಾತು. ಹೆಣ್ಣು ಮಕ್ಕಳಿಗೆ ಜೀವಶಾಸ್ತ್ರ ಸಾಕು, ಭೌತಶಾಸ್ತ್ರ ಯಾಕೆ ಎನ್ನುವವರು ಇನ್ನೂ ಇದ್ದಾರೆ. ಈ ಒಂದು ಯಂತ್ರದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಎಲ್ಲವೂ ಕೂಡಿ ದುಡಿಯುತ್ತವೆ. ಹರ್ಜೆನ್‌ಬರ್ಗ್ ಅವರ ಜೊತೆ ಜೀವಮಾನವಿಡೀ ದುಡಿದವರು ಪತ್ನಿ ಲಿಯೊನೋರ್. ಪತಿ ಓದುತ್ತಿದ್ದ ಕ್ಯಾಲ್‌ಟೆಕ್ ಸಂಸ್ಥೆ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕೆ ದಾಖಲಾತಿ ಇಲ್ಲದೆಯೇ ತರಗತಿಗಳಲ್ಲಿ ಕುಳಿತು ಕಲಿತರು. ಮುಂದೆ ಸ್ಟಾನ್‌ಫರ್ಡ್‌ನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕಿಯಾದರು. ಇಂದು ನಮ್ಮ ಮಕ್ಕಳಿಗೆ ತರಗತಿಯ ಬಾಗಿಲು ತೆರೆದೇ ಇದೆ. ಅದನ್ನು ಮನೆಯಲ್ಲಿ ನಾವು ಮುಚ್ಚದಿದ್ದರೆ ಸಾಕು.